ಪೋಡಿಗೊಂದು ಹೇಳಿಕೆ

ಕಾರ್ನ್ ಡಾಗ್ ಎಂಬ ತಿಂಡಿಯನ್ನು ಮನೆಯಲ್ಲಿ ಮಾಡಬೇಕಾದರೆ ಮನುಷ್ಯರಿಗೆ ಮೂರು ಕೈ ಬೇಕು. ಕಡ್ಡಿಗೆ ಸಿಕ್ಕಿಸಿದ ಸಾಸೇಜನ್ನು ಹಿಟ್ಟಿನ ಲೋಟದಲ್ಲಿ ಮುಳುಗಿಸಿ, ತಿರುವುತ್ತ ಮೇಲೆತ್ತಲು ಒಂದು ಕೈ. ಅದಕ್ಕಿಂತ ಮೊದಲೇ ಎಣ್ಣೆಗೆ ಇಳಿದಿರುವುದರ ಕಡ್ಡಿಯನ್ನು ಹಿಡಿದು, ಅದು ಬಾಣಲೆಯ ತಳಕ್ಕೆ ಅಂಟದಂತೆ ಕಾಯಲು ಒಂದು ಕೈ. ಒಲೆಯ ಉರಿಯನ್ನು ಏರಿಸಿ ಇಳಿಸಲು ಮತ್ತೊಂದು. ಈ ಸಂಗತಿಯನ್ನು ಯಾವ ಪಾಕವಿಧಾನದಲ್ಲೂ ಬರೆದಿರುವುದಿಲ್ಲ. ಪಾಕವಿಧಾನ ಬರೆಯುವವರು ಬೇಕಾಗುವ ಸಾಮಗ್ರಿಗಳ ಪಟ್ಟಿ ಕೊಡುತ್ತಾರೆಯೇ ಹೊರತು ಬೇಕಾಗುವ ಜನರ ಪಟ್ಟಿ ಕೊಡುವುದಿಲ್ಲ. ಹಾಗಾಗಿ, ಪರ್ಕಳದ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಶನಿವಾರದ ಮಧ್ಯಾಹ್ನ, ಎಲ್ಲರಿಗೂ ಇರುವಷ್ಟೇ ಕೈಗಳನ್ನು ಹೊಂದಿದ ನಾನು, ಮೊಣಕೈವರೆಗೆ ಇಳಿದ ಹಳದಿ ಹಿಟ್ಟನ್ನು ನೋಡುತ್ತ ನಿಂತಾಗಷ್ಟೇ ಇದು ನನ್ನ ಅರಿವಿಗೆ ಬಂತು.

ಕಾರ್ನ್ ಡಾಗ್ ಎಂದರೇನೆಂದು ತಿಳಿಯದವರು ಸಂಕೋಚಪಡಬೇಕಾಗಿಲ್ಲ. ನಾಲ್ಕು ವರ್ಷದ ಹಿಂದೆ ನನಗೂ ತಿಳಿದಿರಲಿಲ್ಲ. ಸಾಸೇಜಿಗೆ ಉದ್ದಕ್ಕೆ ಒಂದು ಕಡ್ಡಿ ಚುಚ್ಚಿ, ಮೆಕ್ಕೆಜೋಳದ ಹಿಟ್ಟಿನ ದಪ್ಪ ಅಂಗಿ ತೊಡಿಸಿ, ಎಣ್ಣೆಯಲ್ಲಿ ಕೆಂಪಗೆ ಕರಿದರೆ ಅದೇ ಕಾರ್ನ್ ಡಾಗ್. ಹುಟ್ಟಿದ್ದು ಅಮೆರಿಕದಲ್ಲಂತೆ. ಅಲ್ಲಿಂದ ಕೊರಿಯಾಕ್ಕೆ ಹೋಗಿ, ಕೊರಿಯಾದ ಧಾರಾವಾಹಿಗಳ ಮೂಲಕ ಹುಡುಗಿಯರ ಮೊಬೈಲಿಗೆ ಇಳಿದು, ಮೊಬೈಲಿನಿಂದ ಮಣಿಪಾಲದ ಬೀದಿಗೆ ಬಂದಿತು. ವಿದ್ಯಾರ್ಥಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಒಂದು ಬಣ್ಣದ ವ್ಯಾನಿನ ಮುಂದೆ, ಪರೀಕ್ಷೆಯ ಹಾಲ್ ಟಿಕೆಟಿಗೆ ನಿಂತಷ್ಟೇ ಗಂಭೀರವಾಗಿ ಜನ ಸಾಲು ನಿಂತಿರುವುದನ್ನು ಕಂಡು, ಏನಿರಬಹುದೆಂಬ ಕುತೂಹಲಕ್ಕೆ ರುಬೀನಾ ನನ್ನನ್ನು ಆ ಸಾಲಿಗೆ ಎಳೆದಳು.

ರುಬೀನಾ ನನ್ನ ಕೋಣೆಯ ಜೊತೆಗಾತಿ. ಪಡುಬಿದ್ರಿಯ ಬ್ಯಾರಿ ಮುಸ್ಲಿಂ ಮನೆತನದವಳು. ಮಣಿಪಾಲದ ಒಂದು ವಿದ್ಯಾರ್ಥಿನಿಲಯದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಕಾಪುವಿನವಳು, ಮೀನಿನ ವ್ಯಾಪಾರದ ಮನೆಯವಳು, ಮಣಿಪಾಲದಲ್ಲೇ ಒಂದು ಪ್ರಯೋಗಾಲಯದಲ್ಲಿ ಇದ್ದೇನೆ. ಅವಳು ದಿನವಿಡೀ ನೂರಾರು ಹುಡುಗಿಯರ ದೂರು ಕೇಳಿ ಬಂದರೂ ಸಂಜೆ ಮಾತಾಡಲು ಶಕ್ತಿ ಉಳಿಸಿಕೊಂಡಿರುತ್ತಿದ್ದಳು. ನಾನು ದಿನವಿಡೀ ಗಾಜಿನ ನಳಿಕೆಗಳ ಜೊತೆ ಮೌನವಾಗಿದ್ದು, ಸಂಜೆಗೂ ಅದೇ ಮೌನವನ್ನು ಕೋಣೆಗೆ ತರುತ್ತಿದ್ದೆ. ಇಬ್ಬರೂ ಒಂದೇ ಬಾಗಿಲ ಹಿಂದೆ ಮೂರು ವರ್ಷ ಜಗಳವಿಲ್ಲದೆ ಬಾಳಿದ್ದಕ್ಕೆ ಕಾರಣ ನಮ್ಮ ಹೊಂದಾಣಿಕೆಯೋ, ಅಥವಾ ನಾನು ಉತ್ತರ ಕೊಡುವುದರೊಳಗೆ ಅವಳು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಿದ್ದುದೋ ಹೇಳಲಾರೆ.

ಸಾಲಿನ ಕೊನೆಗೆ ಕೈಗೆ ಬಂದದ್ದನ್ನು ಅವಳು ಒಮ್ಮೆ ಕಚ್ಚಿ, ಒಳಗೇನಿದೆಯೆಂದು ಇಣುಕಿ, ತೀರ್ಪು ಕೊಟ್ಟಳು: “ಇದು ಸಾಸೇಜಿನ ಪೋಡಿ ಅಲ್ವಾ ಮಾರಾಯ್ತಿ?” ಬಾಳೆಕಾಯಿ, ನೀರುಳ್ಳಿ, ಜೀಗುಜ್ಜೆ, ಹಿಟ್ಟಿನಲ್ಲಿ ಅದ್ದಿ ಕರಿದದ್ದು ಯಾವುದೇ ಇರಲಿ, ನಮ್ಮ ಊರಿನಲ್ಲಿ ಅದು ಪೋಡಿ. ಎರಡು ಖಂಡಗಳನ್ನು ದಾಟಿ ಬಂದ ತಿಂಡಿಯ ಪ್ರತಿಷ್ಠೆ ಆ ಒಂದು ಮಾತಿಗೆ ನೆಲಕ್ಕಿಳಿಯಿತು. ಪೋಡಿಯೆಂದ ಮೇಲೆ ಅದಕ್ಕಾಗಿ ಸಾಲಿನಲ್ಲಿ ನಿಲ್ಲುವುದು ಅವಮಾನವೆಂದು ನಿರ್ಧರಿಸಿ, ಅಂದಿನಿಂದ ನಾವು ಅದನ್ನು ಶನಿವಾರ ಮಧ್ಯಾಹ್ನ ಮನೆಯಲ್ಲೇ ಮಾಡತೊಡಗಿದೆವು.

ಮೊದಲ ಪ್ರಯತ್ನಕ್ಕೆ ಅಂಗಡಿಯಿಂದ ಕಾರ್ನ್ ಫ್ಲೋರ್ ತಂದು, ಅದು ಸಾರು ಗಟ್ಟಿ ಮಾಡುವ ಬಿಳಿಯ ಪುಡಿಯೆಂದು ಕರಿದ ಮೇಲೆ ತಿಳಿದು, ಗಾಜಿನ ಚಿಪ್ಪಿನೊಳಗೆ ಸಿಕ್ಕಿಕೊಂಡಂತಿದ್ದ ಸಾಸೇಜುಗಳನ್ನು ಮೌನವಾಗಿ ತಿಂದೆವು. ಹಳದಿ ಹಿಟ್ಟು ಸಿಕ್ಕಿದ್ದು ಉತ್ತರದ ವಿದ್ಯಾರ್ಥಿಗಳಿಗಾಗಿ ಸಾಮಾನು ಇಡುವ ಮಣಿಪಾಲದ ಒಂದು ಅಂಗಡಿಯಲ್ಲಿ. ಕಡ್ಡಿಯದ್ದು ಇನ್ನೊಂದು ಕಥೆ. ಐಸ್‌ಕ್ರೀಮ್ ಕಡ್ಡಿ ಗಿಡ್ಡ, ಊದುಬತ್ತಿಯ ಕಡ್ಡಿಯ ಪರಿಮಳ ಹೋಗುವುದಿಲ್ಲ. ಕೊನೆಗೆ ರುಬೀನಾ ಕಡಿಯಾಳಿಯ ಅಂಗಡಿಯೊಂದರಿಂದ ಹೊಚ್ಚಹೊಸ ಹಿಡಿಸೂಡಿಯನ್ನೇ, ಅಂದರೆ ಕಡ್ಡಿಪೊರಕೆಯನ್ನೇ, ತಂದು, ಬಿಚ್ಚಿ, ತೊಳೆದು, ತೆಂಗಿನ ಕಡ್ಡಿಗಳನ್ನು ಎರಡೆರಡಾಗಿ ಜೋಡಿಸಿ ಚುಚ್ಚಿದಳು. ಮಾಳಿಗೆಯ ಮೇಲಿರುವ ನಮ್ಮ ಮನೆಯ ಯಜಮಾನಿ ಬಟ್ಟೆ ಒಣಹಾಕಲು ಇಳಿದವರು, ಇಬ್ಬರು ಓದಿದ ಹುಡುಗಿಯರು ಜಗಲಿಯಲ್ಲಿ ಕೂತು ಹೊಸ ಹಿಡಿಸೂಡಿಯನ್ನು ಬಿಡಿಸಿ ಸೋಪು ಹಾಕಿ ತೊಳೆಯುವುದನ್ನು ಕಂಡು, ಏನೂ ಕೇಳದೆ ಮೇಲೆ ಹೋದರು. ಕೇಳಿದ್ದರೆ ವಿವರಿಸಬಹುದಿತ್ತು. ಕೇಳದಿದ್ದುದರಿಂದ ಅವರು ಏನು ತಿಳಿದರೆಂಬುದು ನನ್ನನ್ನು ಒಂದು ವಾರ ಕಾಡಿತು. ರುಬೀನಾಳನ್ನು ಒಂದು ನಿಮಿಷವೂ ಕಾಡಲಿಲ್ಲ.

ಕೆಲಸದ ಹಂಚಿಕೆ ತಾನಾಗಿಯೇ ಆಯಿತು. ಹಿಟ್ಟು ನನ್ನದು, ಎಣ್ಣೆ ಅವಳದು. ಹಳದಿ ಹಿಟ್ಟು, ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್ ಇವುಗಳನ್ನು ನಾನು ಪ್ರಯೋಗಾಲಯದ ಶ್ರದ್ಧೆಯಿಂದ ಅಳೆದು, ಮೊಟ್ಟೆ ಹಾಲು ಸೇರಿಸಿ, ಉದ್ದ ಲೋಟಕ್ಕೆ ಸುರಿಯುತ್ತಿದ್ದೆ. ಸಾಸೇಜನ್ನು ಒಣಬಟ್ಟೆಯಿಂದ ಒರೆಸಿ, ಒಣಹಿಟ್ಟಿನಲ್ಲಿ ಹೊರಳಿಸಿ, ಲೋಟದಲ್ಲಿ ಮುಳುಗಿಸಿ ಅವಳ ಕೈಗೆ ಕೊಡುತ್ತಿದ್ದೆ. ಅಲ್ಲಿಂದಾಚೆ ಅವಳ ಸೀಮೆ. ಅವಳು ಒಂದು ಹನಿ ಹಿಟ್ಟನ್ನು ಎಣ್ಣೆಗೆ ಬಿಟ್ಟು, ತಲೆ ಓರೆ ಮಾಡಿ, ಬಾಣಲೆ ಏನೋ ಗುಟ್ಟು ಹೇಳುತ್ತಿದೆಯೆಂಬಂತೆ ಆಲಿಸಿ, ಉರಿಯನ್ನು ಸ್ವಲ್ಪ ಇಳಿಸಿಯೋ ಏರಿಸಿಯೋ ನಂತರವಷ್ಟೇ ನನ್ನತ್ತ ಕೈ ಚಾಚುತ್ತಿದ್ದಳು. ಅಳತೆಯ ಲೋಟವನ್ನು ನಾನು ಅವಳಿಗೆ ಮುಟ್ಟಲು ಬಿಡಲಿಲ್ಲ, ಒಲೆಯ ಬಳಿಗೆ ಅವಳು ನನ್ನನ್ನು ಬಿಡಲಿಲ್ಲ. ಆಗ ಅದು ಬಹಳ ಸೊಗಸಾದ ವ್ಯವಸ್ಥೆಯೆನಿಸಿತ್ತು. ಒಂದು ವಿದ್ಯೆಯ ಅರ್ಧಭಾಗ ಮಾತ್ರ ನನ್ನ ಬಳಿ ಇದೆಯೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಕಳೆದ ವರ್ಷ ರುಬೀನಾಳಿಗೆ ಕಾರ್ಕಳದ ಕಡೆಯಿಂದ ಸಂಬಂಧ ಬಂತು. ಹುಡುಗ ಅಲ್ಲೇ ಬಟ್ಟೆ ಅಂಗಡಿ ನಡೆಸುವವನು. ಎಲ್ಲವೂ ಎರಡು ತಿಂಗಳಲ್ಲಿ ಮುಗಿಯುವಷ್ಟು ಚುರುಕಾಗಿ ನಡೆಯಿತು. ಅವಳು ಕೆಲಸ ಬಿಟ್ಟು, ಕೋಣೆಯಿಂದ ತನ್ನ ಪೆಟ್ಟಿಗೆಗಳನ್ನು ಸಾಗಿಸಿದಳು. ಹೋಗುವಾಗ ನನ್ನ ಭುಜಕ್ಕೆ ಒಂದು ಪೆಟ್ಟು ಕೊಟ್ಟು, ಮದುವೆಗೆ ಸಿಗೋಣ ಎಂದಳು. ಎರಡು ವಾರದ ಬಳಿಕ ಮದುವೆಯ ಕಾಗದ ಬಂತು. ಬಂದದ್ದು ವಾಟ್ಸಪ್ಪಿನಲ್ಲಿ, ಅವಳ ಕಚೇರಿಯವರೂ ಗೆಳತಿಯರೂ ಸೇರಿ ನಲವತ್ತು ಮಂದಿ ಇದ್ದ ಒಂದು ಗುಂಪಿಗೆ.

ಇಲ್ಲಿ ಓದುಗರಿಗೆ ನಮ್ಮ ಕಡೆಯ ಹೇಳಿಕೆಯ ವಿಚಾರ ತಿಳಿಸಬೇಕು. ಹೇಳಿಕೆ ಎಂದರೆ ಆಮಂತ್ರಣ, ಆದರೆ ಕಾಗದವಲ್ಲ. ಮನೆಯವರು ಇಬ್ಬರಾದರೂ ಹೊರಟು, ನಮ್ಮ ಮನೆಗೆ ಬಂದು, ಕೂತು, ನೀರು ಕುಡಿದು, ಎಲ್ಲರೂ ಬರಬೇಕು, ಹಿಂದಿನ ದಿನವೇ ಬರಬೇಕು ಎಂದು ಬಾಯಿಬಿಟ್ಟು ಹೇಳಿದರೆ ಅದು ಹೇಳಿಕೆ. ತುಳುವರಾಗಲಿ ಬ್ಯಾರಿಗಳಾಗಲಿ ಈ ವಿಷಯದಲ್ಲಿ ಭೇದವಿಲ್ಲ. ಕಾಗದ ಎಷ್ಟು ಹೊಳೆದರೂ ಬಾಯಿಯ ಮಾತಿಲ್ಲದಿದ್ದರೆ ಅದು ಬರೀ ಕಾಗದ. ಹಿಂದಿನ ದಿನವೇ ಬರಬೇಕೆಂಬುದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲವೆಂದು ನನಗೆ ಗೊತ್ತಾದದ್ದು, ಏಳನೆಯ ವಯಸ್ಸಿನಲ್ಲಿ ಚೀಲಕ್ಕೆ ಬಟ್ಟೆ ತುಂಬಿಕೊಂಡು ನಿಂತು ಮನೆಯವರ ನಗೆಗೆ ಗುರಿಯಾದ ಮೇಲೆ.

ಕಾಪುವಿನಲ್ಲಿ ನನ್ನ ದೊಡ್ಡಪ್ಪ ಒಬ್ಬರಿದ್ದರು. ಅವರ ಚಿಕ್ಕಪ್ಪನ ಮಗ ತನ್ನ ಮಗಳ ಮದುವೆಯ ಕಾಗದವನ್ನು ಅವರಿಗೆ ಬಸ್ ನಿಲ್ದಾಣದ ಬಳಿ ಕೊಟ್ಟನಂತೆ. ದಾರಿಯಲ್ಲಿ ಕೊಟ್ಟದ್ದೇ ಒಂದು ತಪ್ಪು. ಅದಕ್ಕಿಂತ ದೊಡ್ಡದು, ಕೊಡುವಾಗ ಸ್ಕೂಟರನ್ನು ಆಫ್ ಮಾಡಿರಲಿಲ್ಲ. ಮದುವೆಯ ಹಾಲ್ ದೊಡ್ಡಪ್ಪನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಂದು ಅವರು ಬೆಳಿಗ್ಗೆಯೇ ಮಿಂದು, ಒಗೆದ ಮುಂಡು ಉಟ್ಟು, ತಲೆ ಬಾಚಿ, ಯಾರಾದರೂ ಬಂದು ಕರೆಯುವರೆಂದು ಜಗಲಿಯಲ್ಲಿ ಕೂತರು. ವಾದ್ಯ ಕೇಳಿತು, ಊಟದ ಪರಿಮಳ ಬಂತು, ಜನ ಬೀಡಾ ಜಗಿಯುತ್ತ ಮನೆಯ ಮುಂದೆಯೇ ಹಿಂದಿರುಗಿದರು. ದೊಡ್ಡಪ್ಪ ಗಂಜಿ ಉಂಡು ಮಲಗಿದರು. ಆ ಸ್ಕೂಟರಿನ ಮಾತು ಅವರು ತೀರಿಕೊಳ್ಳುವವರೆಗೂ ಅವರ ಬಾಯಲ್ಲಿತ್ತು. ಈ ಕಥೆಯನ್ನು ನಾನು ರುಬೀನಾಳಿಗೆ ಹೇಳಿದ್ದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಯಾರಾದರೂ ಹೋಗಿ ಆ ಪಾಪದ ಮನುಷ್ಯನ ಕೈಹಿಡಿದು ಎಳೆದುಕೊಂಡು ಬರಬಾರದಿತ್ತೇ ಎಂದಿದ್ದಳು.

ಕಥೆ ಹೇಳಿ ನಗಿಸಿದ ನಾನೇ ಆ ದೊಡ್ಡಪ್ಪನ ರಕ್ತವೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ವಾಟ್ಸಪ್ಪಿನ ಕಾಗದವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದೆ. ಗುಂಪಿನವರೆಲ್ಲ ಹೂವು, ಹೃದಯಗಳ ಚಿತ್ರ ಹಾಕಿದರು. ನಾನೂ ಒಂದು ಹೂ ಹಾಕಿದೆ. ನಲವತ್ತು ಮಂದಿಗೆ ಒಟ್ಟಿಗೆ ಎಸೆದ ಆ ಕಾಗದದಲ್ಲಿ ನನ್ನ ಪಾಲಿಗೆ ಬಂದದ್ದು ನಲವತ್ತರಲ್ಲಿ ಒಂದು. ಆದರೂ ಅವಳು ಹೇಳಿಕೆಗೆ ಬರುತ್ತಾಳೆಂದು ನಂಬಿದ್ದೆ. ಶನಿವಾರ, ಆದಿತ್ಯವಾರ ಕೋಣೆ ಬಿಟ್ಟು ಕದಲಲಿಲ್ಲ. ಬಂದರೆ ಕೊಡಲೆಂದು ಶರಬತ್ತಿನ ಬಾಟಲಿ ತಂದಿಟ್ಟೆ. ಅಮ್ಮ ಕಾಪುವಿನಿಂದ ಫೋನ್ ಮಾಡಿದಾಗ, ಹೇಳಿಕೆ ಬಂತಾ ಎಂದು ಕೇಳಿದರು. ಬರಬಹುದು ಎಂದೆ.

ಮದುವೆ ಒಂದು ಆದಿತ್ಯವಾರ, ಪಡುಬಿದ್ರಿಯಲ್ಲಿ. ನಾನು ಬೆಳಿಗ್ಗೆಯೇ ಮಿಂದೆ. ಅವಳ ಮದುವೆಗೆಂದೇ ಹೊಲಿಸಿದ್ದ ಹಸಿರು ಚೂಡಿದಾರಕ್ಕೆ ಇಸ್ತ್ರಿ ಹಾಕಿ ತೊಟ್ಟುಕೊಂಡೆ. ಹನ್ನೊಂದಕ್ಕೆ ಹೊರಟರೂ ಉಡುಪಿಯಲ್ಲಿ ಬಸ್ ಬದಲಿಸಿ ಸಮಯಕ್ಕೆ ಸೇರಬಹುದಿತ್ತು. ಹನ್ನೆರಡಕ್ಕೆ ಹೊರಟಿದ್ದರೆ ಊಟಕ್ಕಾದರೂ ಸಿಗುತ್ತಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಅದು ಒಮ್ಮೆ ಮಿನುಗಿತು. ಗುಂಪಿಗೆ ಯಾರೋ ಮದುಮಗಳ ಚಿತ್ರ ಹಾಕಿದ್ದರು. ಎರಡು ಗಂಟೆಗೆ ಚೂಡಿದಾರ ಬದಲಿಸಿ, ಫ್ರಿಜ್ಜನ್ನು ತೊಳೆದೆ. ಮರುದಿನ ಅವಳು ಏಕೆ ಬರಲಿಲ್ಲವೆಂದು ಕೇಳುತ್ತಾಳೆಂದು ಕಾದೆ, ಕೇಳಲಿಲ್ಲ. ಅವಳು ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಹೀಗೆ ಏಳು ತಿಂಗಳು ಹೋಯಿತು. ಹೊಸಬರನ್ನು ಸೇರಿಸಿಕೊಳ್ಳಬಹುದೆಂದು ಮನೆಯ ಯಜಮಾನಿ ಎರಡು ಸಲ ಸೂಚಿಸಿದರು. ಎರಡನೆಯ ಮಂಚದ ಮೇಲೆ ನಾನು ಪುಸ್ತಕಗಳನ್ನು ಹರಡಿ, ಸ್ಥಳವಿಲ್ಲವೆಂಬ ಭಾವನೆ ಬರುವಂತೆ ಮಾಡಿದೆ.

ಒಂಟಿತನಕ್ಕೆ ಒಗ್ಗಿಕೊಂಡವಳೆಂದು ನನ್ನ ಬಗ್ಗೆ ನನಗೊಂದು ಅಭಿಮಾನವಿತ್ತು. ಆದರೆ ಸುಮ್ಮನಿರುವುದಕ್ಕೂ ಒಬ್ಬರು ಬೇಕಾಗುತ್ತದೆಂದು ನಿಧಾನವಾಗಿ ಅರ್ಥವಾಯಿತು. ಮಾತಾಡುವವರು ಎದುರಿಗಿದ್ದಾಗ ಸುಮ್ಮನಿರುವುದು ಒಂದು ಸ್ವಭಾವ. ಯಾರೂ ಇಲ್ಲದಾಗ ಸುಮ್ಮನಿರುವುದಕ್ಕೆ ಸ್ವಭಾವವೇ ಬೇಕಾಗಿಲ್ಲ, ಗೋಡೆಯೂ ಅದನ್ನು ಮಾಡುತ್ತದೆ.

ಹಾಗಾಗಿಯೇ ಆ ಶನಿವಾರ, ಮೊದಲ ಬಾರಿಗೆ ಒಬ್ಬಳೇ ಕಾರ್ನ್ ಡಾಗ್ ಮಾಡಲು ಹೊರಟದ್ದು. ನನ್ನ ಪಾಲಿನ ಅರ್ಧ ಎಂದಿನಂತೆ ನಿರ್ದೋಷವಾಗಿತ್ತು. ಅವಳ ಅರ್ಧ ಆರಂಭವಾದಲ್ಲಿ ಕೆಟ್ಟಿತು. ಮೊದಲನೆಯದು ಒಂದೇ ನಿಮಿಷಕ್ಕೆ ಹೊರಗೆ ಕಪ್ಪಾಗಿ, ಕಚ್ಚಿದರೆ ಒಳಗೆ ಹಸಿ ಹಿಟ್ಟು. ಉರಿ ಇಳಿಸಿದೆ, ಎರಡನೆಯದು ತನ್ನ ಅಂಗಿಯನ್ನು ಎಣ್ಣೆಯಲ್ಲೇ ಕಳಚಿ, ಬರೀ ಮೈಯಲ್ಲಿ ಈಜತೊಡಗಿತು. ಎಣ್ಣೆಯ ಶಾಖವನ್ನು ಅಳೆಯಲು ನನ್ನ ಬಳಿ ಉಷ್ಣಮಾಪಕವಿತ್ತು, ಅಂಕಿ ಸರಿಯಾಗಿಯೇ ಇತ್ತು. ಹಿಟ್ಟಿನ ಹನಿಯನ್ನು ಬಿಟ್ಟು, ಅವಳಂತೆ ತಲೆ ಓರೆ ಮಾಡಿ ಆಲಿಸಿಯೂ ನೋಡಿದೆ. ಚರಚರ ಎಂದಿತು. ಬಿಸಿಯೆಣ್ಣೆ ಚರಚರ ಎನ್ನದೆ ಇನ್ನೇನು ಎನ್ನುತ್ತದೆ? ಅದರಲ್ಲಿ ಅವಳಿಗೆ ಏನು ಕೇಳುತ್ತಿತ್ತೆಂದು ಮೂರು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ಫೋನ್ ತೆಗೆದು, ಎಣ್ಣೆ ಹದವಾಗಿದೆಯೆಂದು ಹೇಗೆ ಗೊತ್ತಾಗುತ್ತದೆ ಎಂದು ಬರೆದೆ. ಏಳು ತಿಂಗಳ ಬಳಿಕದ ಮೊದಲ ಮಾತು ಎಣ್ಣೆಯದ್ದಾಗಬಾರದೆಂದು ಅಳಿಸಿದೆ. ಹೇಗಿದ್ದೀ ಎಂದು ಬರೆದೆ. ಅದು ಎಣ್ಣೆಗಿಂತ ಕಡೆಯಾಯಿತೆಂದು ಅದನ್ನೂ ಅಳಿಸಿದೆ. ಆಮೇಲೆ, ತಣ್ಣಗಾಗುತ್ತಿದ್ದ ಬಾಣಲೆಯ ಮುಂದೆ ನಿಂತಿದ್ದಾಗ, ಒಂದು ವಿಚಾರ ಹೊಳೆಯಿತು. ಜನ ನನ್ನ ಬಾಗಿಲಿಗೆ ಬಂದು ಕರೆಯಬೇಕೆಂದು ಇಷ್ಟು ಶಿಸ್ತಾಗಿ ಕಾದವಳು ನಾನು ಯಾರ ಬಾಗಿಲಿಗೂ ಹೋಗಿ ಯಾರನ್ನೂ ಯಾವುದಕ್ಕೂ ಕರೆದದ್ದಿಲ್ಲ. ಹೇಳಿಕೆ ಮಾಡುವುದು ಹಿರಿಯರ ಕೆಲಸ, ನನ್ನದು ಅದನ್ನು ಸ್ವೀಕರಿಸುವುದು ಮಾತ್ರವೆಂದು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಹಸಿರು ಚೂಡಿದಾರ ತೊಟ್ಟುಕೊಂಡು, ಒಂದು ಚೆಂಡು ಮಲ್ಲಿಗೆ ಕಟ್ಟಿಸಿಕೊಂಡು, ಪರ್ಕಳದಲ್ಲಿ ಕಾರ್ಕಳದ ಬಸ್ ಹತ್ತಿದೆ. ಹಿರಿಯಡ್ಕ ದಾಟುವವರೆಗೂ ಮನಸ್ಸಿನಲ್ಲಿ ಹೇಳಿಕೆಯ ಮಾತುಗಳನ್ನು ಜೋಡಿಸುತ್ತಿದ್ದೆ. ಬರುವ ಶನಿವಾರ ನಮ್ಮ ಕೋಣೆಯಲ್ಲಿ, ಎಂದು ಆರಂಭಿಸಬಹುದು. ಆದರೆ ಏನಿದೆ ಅಲ್ಲಿ? ಮದುವೆಯಲ್ಲ, ಗೃಹಪ್ರವೇಶವಲ್ಲ, ಸೀಮಂತವಂತೂ ಅಲ್ಲ. ಕಡ್ಡಿಗೆ ಸಿಕ್ಕಿಸಿದ ಸಾಸೇಜಿಗಾಗಿ ಇಪ್ಪತ್ತೈದು ವರ್ಷ ದಾಟಿದ ಹೆಣ್ಣೊಬ್ಬಳು ಮಲ್ಲಿಗೆ ಹಿಡಿದು ಮನೆಬಾಗಿಲಿಗೆ ಹೇಳಿಕೆಗೆ ಹೋದದ್ದು ಈ ಜಿಲ್ಲೆಯಲ್ಲಿ ಹಿಂದೆಂದೂ ನಡೆದಿರಲಾರದು. ಬೈಲೂರಿನಲ್ಲಿ ಇಳಿದು ಹಿಂದಿರುಗುವ ಬಸ್ ಹಿಡಿಯಬಹುದೆಂಬ ಯೋಚನೆಯೂ ಬಂತು. ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ದೊಡ್ಡ ಚೀಲವಿದ್ದುದರಿಂದ ಏಳುವುದು ಕಷ್ಟವಾಯಿತು. ನನ್ನ ಧೈರ್ಯದಲ್ಲಿ ಆ ಚೀಲದ ಪಾಲು ದೊಡ್ಡದು.

ಅವಳ ಗಂಡನ ಬಟ್ಟೆ ಅಂಗಡಿಯಲ್ಲಿ ಮನೆಯ ದಾರಿ ಕೇಳಿಕೊಂಡು ಹೋದೆ. ಬಾಗಿಲು ತೆರೆದವರು ರುಬೀನಾಳ ಅತ್ತೆ, ಅವಳು ಮಾಮಿ ಎಂದು ಕರೆಯುವವರು. ಹೆಸರು ಹೇಳಿದೆ. ಓ, ಪರ್ಕಳದ ಕೋಣೆಯವಳಲ್ಲವೇ ಎಂದು ಗುರುತು ಹಿಡಿದು, ಕೂರಿಸಿ, ನೀರು ತಂದುಕೊಟ್ಟರು. ನೀರು ಕುಡಿದ ಮೇಲೆ ತಡಮಾಡಬಾರದೆಂದು ನಾನು ಕ್ರಮದಂತೆ ಎದ್ದುನಿಂತು, ಬರುವ ಶನಿವಾರ ನಮ್ಮಲ್ಲಿಗೆ ರುಬೀನಾಳೂ ನೀವೂ ಮನೆಯವರೆಲ್ಲರೂ ಬರಬೇಕು ಎಂದೆ. ಹಿಂದಿನ ದಿನವೇ ಬರಬೇಕೆಂಬುದು ಬಾಯಿತುದಿಗೆ ಬಂದಿತ್ತು, ತಡೆದುಕೊಂಡೆ. ಅವರು ಸಂತೋಷದಿಂದ ಕೈಗಳನ್ನು ಜೋಡಿಸಿಕೊಂಡು, ಎಂತ ವಿಶೇಷ ಎಂದು ಕೇಳಿದರು. ಕಾರ್ನ್ ಡಾಗ್ ಎಂದು ಹೇಳಲು ನಾಲಿಗೆ ಏಳಲಿಲ್ಲ.

“ಪೋಡಿ ಮಾಡುವುದುಂಟು,” ಎಂದೆ.

ಮಾಮಿ ಒಂದು ಕ್ಷಣ ನನ್ನನ್ನೂ ನನ್ನ ಕೈಯಲ್ಲಿದ್ದ ಮಲ್ಲಿಗೆಯನ್ನೂ ನೋಡಿದರು. “ಪೋಡಿಗೆ ಹೇಳಿಕೆಯಾ ಮಗಳೇ? ನಮ್ಮ ಮಗನ ಮದುವೆಗೆ ಸಹ ಇಷ್ಟು ಮರ್ಯಾದೆಯಲ್ಲಿ ನಾವು ಹೇಳಿಕೆ ಮಾಡಿರ್ಲಿಕ್ಕಿಲ್ಲ.” ನಗುತ್ತ ಸೊಸೆಯನ್ನು ಕೂಗಿ, ತಾವು ಚಹಾ ಇಡಲು ಒಳಗೆ ಹೋದರು.

ರುಬೀನಾ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೂರಲಿಲ್ಲ. ಸ್ವಲ್ಪ ದಪ್ಪಗಾಗಿದ್ದಳು, ಅದು ಅವಳಿಗೆ ಒಪ್ಪುತ್ತಿತ್ತು. ಮಲ್ಲಿಗೆಯನ್ನು ತೆಗೆದುಕೊಂಡು, ಮುಡಿಯದೆ, ಮೇಜಿನ ಮೇಲಿಟ್ಟಳು.

“ಹೇಳಿಕೆಗೆ ಬಂದದ್ದಂತೆ. ಯಾರಿಗೆ, ನನಗಾ? ನಾನು ಯಾವಾಗ ಹೊರಗಿನವಳಾದೆ?”

ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳೆಲ್ಲ ಎಲ್ಲಿಗೆ ಹೋದವೋ ತಿಳಿಯದು. ನಿನ್ನ ಮದುವೆಗೆ ನೀನು ಹೇಳಿಕೆ ಮಾಡಲಿಲ್ಲ ಎಂದುಬಿಟ್ಟೆ. ಏಳು ತಿಂಗಳು ಎದೆಯಲ್ಲಿ ಬಂಡೆಯಂತೆ ಕೂತಿದ್ದದ್ದು ಬಾಯಿಂದ ಹೊರಬಂದಾಗ, ಪೆನ್ಸಿಲ್ ಕಸಿದುಕೊಂಡರೆಂದು ದೂರು ಹೇಳುವ ಮಗುವಿನ ಮಾತಿನಷ್ಟು ಸಣ್ಣದಾಗಿ ಕೇಳಿಸಿತು.

“ಉಮ್ಮನೂ ನಾನೂ ಎಷ್ಟು ಮನೆ ತಿರುಗಿದ್ದೇವೆ ಗೊತ್ತುಂಟಾ? ಮುಖ ನೋಡದವರ ಮನೆಗೆಲ್ಲ ಹೋಗಿ ಹೇಳಿದ್ದೇವೆ. ಅದು ನೆಂಟರಿಗೆ. ನೀನು ಇದ್ದದ್ದು ನನ್ನ ಕೋಣೆಯಲ್ಲಿ. ನನ್ನ ಕೋಣೆಗೆ ನಾನೇ ಹೋಗಿ ಹೇಳಿಕೆ ಮಾಡುವುದಾ?” ದನಿ ತಗ್ಗಿಸಿದಳು. “ನನ್ನ ಹತ್ತಿರ ಒಂದು ಕುರ್ಚಿ ಇಡ್ಸಿದ್ದೆ. ಊಟ ಆಗುವವರೆಗೆ ಯಾರನ್ನೂ ಕೂರ್ಲಿಕ್ಕೆ ಬಿಡ್ಲಿಲ್ಲ.”

ಮೇಜಿನ ಮೇಲಿದ್ದ ಮಲ್ಲಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

“ಮರುದಿನ ಫೋನ್ ಮಾಡ್ತೇನೆ ಅಂತ ಇದ್ದೆ. ಉಮ್ಮ ಬೇಡ ಅಂದ್ರು. ಅವಳ ಮನೆಯಲ್ಲಿ ನಮ್ಮಲ್ಲಿಗೆ ಹೋಗ್ಬೇಡ ಅಂದಿರ್ತಾರೆ, ಕೇಳಿ ಆ ಹುಡುಗಿಗೆ ಕಷ್ಟ ಕೊಡ್ಬೇಡ ಅಂದ್ರು. ನಾನೂ ಹಾಗೇ ಅಂತ ಎಣಿಸಿದೆ.”

ಇದು ನನ್ನ ಲೆಕ್ಕಕ್ಕೆ ಎಂದೂ ಬಂದಿರಲಿಲ್ಲ. ನಾನು ಹೋಗದಿದ್ದುದರಲ್ಲಿ ನನ್ನ ನೋವು ಮಾತ್ರ ಕಾಣುತ್ತದೆಂದು ತಿಳಿದಿದ್ದೆ; ನಮ್ಮ ಊರಿನಲ್ಲಿ, ಈ ಕಾಲದಲ್ಲಿ, ಒಂದು ಧರ್ಮದವರ ಮದುವೆಯಲ್ಲಿ ಇನ್ನೊಂದು ಧರ್ಮದವರ ಕುರ್ಚಿ ಖಾಲಿ ಉಳಿದರೆ ಅದಕ್ಕೆ ಬೇರೆ ಅರ್ಥಗಳು ಸಿದ್ಧವಾಗಿ ಕಾದಿರುತ್ತವೆಂಬುದು ಹೊಳೆದಿರಲಿಲ್ಲ. ತಾಯಿ ಹೇಳಿದ ಆ ಅರ್ಥವನ್ನು ಅವಳು ಏಳು ತಿಂಗಳು ಹೊತ್ತಿದ್ದಳು. ಅದಕ್ಕಾಗಿ ನನ್ನನ್ನು ದೂರಲಿಲ್ಲ, ಕ್ಷಮಿಸಿಯೇ ಬಿಟ್ಟಿದ್ದಳು. ಮಾಡದ ತಪ್ಪಿಗೆ ಕ್ಷಮೆ ಪಡೆದು, ಮಾಡಿದ ತಪ್ಪನ್ನು ಹಾಗೆಯೇ ಇಟ್ಟುಕೊಂಡು ನಾನು ಅವಳ ಮುಂದೆ ಕೂತಿದ್ದೆ. ನಮ್ಮ ಮನೆಯಲ್ಲಿ ಯಾರೂ ಏನೂ ಹೇಳಿಲ್ಲ, ಅಮ್ಮ ಬರಲು ಸೀರೆಯನ್ನೂ ತೆಗೆದಿಟ್ಟಿದ್ದರು, ಹೇಳಿಕೆ ಬಂತಾ ಎಂದು ಕೇಳಿದ್ದರು, ಅಷ್ಟೇ, ಎಂದು ಒಂದೊಂದಾಗಿ ಹೇಳಿದೆ. ಬೆಳಗ್ಗಿನಿಂದ ಎರಡು ಗಂಟೆಯವರೆಗೆ ಇದೇ ಬಟ್ಟೆಯಲ್ಲಿ ಕುರ್ಚಿಯಲ್ಲಿ ಕೂತಿದ್ದನ್ನೂ ಹೇಳಿದೆ. ಜೀವನದಲ್ಲಿ ಅವಳಿಗೆ ನಾನು ತಡೆಯದೆ ಹೇಳಿದ ಅತಿ ಉದ್ದದ ಮಾತು ಅದು. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದ್ದೂ ಅದೇ ಮೊದಲು.

“ದೊಡ್ಡಪ್ಪನ ಹಾಗೆಯೇ,” ಎಂದಳು ಕೊನೆಗೆ. ನಗಲಿಲ್ಲ. “ಮುಂಡು ಒಂದು ಇಲ್ಲ, ಅಷ್ಟೇ.”

ಮಾಮಿ ಚಹಾ ತಂದರು. ಅವರಿದ್ದಷ್ಟು ಹೊತ್ತು ಕಾಪುವಿನ ಮೀನಿನ ಬಗ್ಗೆಯೂ ಕಾರ್ಕಳದ ಬಿಸಿಲಿನ ಬಗ್ಗೆಯೂ ಮಾತು ನಡೆಯಿತು. ಹೊರಡುವಾಗ ರುಬೀನಾ ಗೇಟಿನವರೆಗೆ ಬಂದಳು. ಎಣ್ಣೆಗೆ ಹನಿ ಬಿಟ್ಟು ನೀನು ಏನನ್ನು ಕೇಳುತ್ತಿದ್ದೆ ಎಂದು ಆಗ ಕೇಳಿದೆ.

“ಹೇಳುದಿಲ್ಲ. ಹೇಳಿದ್ರೆ ನೀನು ಅದನ್ನು ಬರೆದಿಟ್ಟುಕೊಂಡು ಒಬ್ಬಳೇ ಮಾಡ್ತೀ.”

ಹಾಗಾದರೆ ಶನಿವಾರ ಬರುತ್ತೀಯಾ ಎಂದೆ.

“ಹೇಳಿಕೆಗೆ ನಾನು ಬರುದಿಲ್ಲ,” ಎಂದಳು. “ಬರುವ ದಿವಸ ಬರ್ತೇನೆ. ಯಾವಾಗ ಅಂತ ಹೇಳುದಿಲ್ಲ. ನಿನಗೆ ಅದು ಅಭ್ಯಾಸ ಆಗ್ಬೇಕು.”

ಬಸ್ಸಿನಲ್ಲಿ ಹಿಂದಿರುಗುವಾಗ ಈ ಮಾತಿನ ಗಾತ್ರವೆಷ್ಟೆಂದು ಅಳೆಯಲು ನೋಡಿದೆ. ಕೋಪವೋ, ಸಲುಗೆಯೋ, ಬಾರದಿರುವುದಕ್ಕೆ ಮರ್ಯಾದೆಯ ದಾರಿಯೋ? ನನ್ನ ಬಳಿ ಇರುವ ಯಾವ ಅಳತೆಯ ಲೋಟಕ್ಕೂ ಅದು ಹಿಡಿಸಲಿಲ್ಲ. ಹೇಳಿಕೆಗಾಗಿ ಕಾಯುವವರು ಬಾಗಿಲು ಹಾಕಿಕೊಂಡು ಕಾಯಬಹುದು. ಬಂದವರು ತಟ್ಟುತ್ತಾರೆ, ತಟ್ಟದಿದ್ದರೆ ನಾವು ನೊಂದುಕೊಳ್ಳಲು ಸ್ವತಂತ್ರರು. ಹೇಳದೆ ಬರುವವರಿಗಾಗಿ ಕಾಯುವಾಗ ನೊಂದುಕೊಳ್ಳಲು ಒಂದು ದಿನಾಂಕವೂ ಸಿಗುವುದಿಲ್ಲ. ಯಾವ ದಿನವೂ ಅವಳು ಬಾರದ ದಿನವೆಂದು ಖಚಿತವಾಗಿ ಹೇಳುವಂತಿಲ್ಲ. ದಿನ ಇನ್ನೂ ಮುಗಿದಿರುವುದಿಲ್ಲ.

ಇದಾಗಿ ಆರು ಶನಿವಾರಗಳು ಕಳೆದಿವೆ. ಎರಡನೆಯ ಮಂಚದ ಪುಸ್ತಕಗಳನ್ನು ತೆಗೆದು ಕಪಾಟಿಗೆ ಸೇರಿಸಿದ್ದೇನೆ. ಫ್ರಿಜ್ಜಿನಲ್ಲಿ ಸಾಸೇಜು ಇರುತ್ತದೆ. ಒಣಹಿಟ್ಟನ್ನೆಲ್ಲ ಅಳೆದು, ಬೆರೆಸಿ, ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಹಾಲು, ಮೊಟ್ಟೆ ಸೇರಿಸಿದರೆ ಅದನ್ನು ಆಗಲೇ ಕರಿಯಬೇಕು, ಮರುದಿನಕ್ಕೆ ಇಡುವಂತಿಲ್ಲ. ಹಾಗಾಗಿ ಅದು ಸದ್ಯಕ್ಕೆ ಒಣಹಿಟ್ಟಾಗಿಯೇ ಇದೆ. ವ್ಯಾನಿನ ಸಾಲಿನಲ್ಲಿ ಒಂದು ಸಲ ನಿಂತು, ನನ್ನ ಸರದಿ ಬರುವ ಮುಂಚೆ ಹಿಂದಿರುಗಿದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವರು ಗೊಂದಲಪಡಲಿಲ್ಲ. “ಅವಳು ಬರುವಾಗ ನೀನು ಕೆಲಸಕ್ಕೆ ಹೋಗಿದ್ರೆ ಎಂತ ಮಾಡುವುದು? ಹೊರಗೆ ನಿಲ್ಲುವುದಾ ಆ ಹುಡುಗಿ?” ಎಂದು ಕೇಳಿದರು. ಅಂಥದೊಂದು ಸಾಧ್ಯತೆ ನನ್ನ ನಿಖರವಾದ ತಲೆಗೆ ಬಂದಿರಲಿಲ್ಲ. ನಮ್ಮ ಬಾಗಿಲಿನ ಬೀಗ ಮರದೊಳಗೇ ಕೂರಿಸಿದ್ದು. ಅದಕ್ಕೆ ಇನ್ನೊಂದು ಕೀ ಇತ್ತು, ರುಬೀನಾ ಹೋಗುವಾಗ ಬಿಟ್ಟುಹೋದದ್ದು. ಕಳೆದ ವಾರ ಅದನ್ನು ಲಕೋಟೆಯಲ್ಲಿ ಹಾಕಿ, ಕಾರ್ಕಳದ ವಿಳಾಸ ಬರೆದು, ಒಂದು ಸಾಲೂ ಸೇರಿಸದೆ ಕಳಿಸಿದೆ. ಬರೆದರೆ ಅದು ಮತ್ತೆ ಹೇಳಿಕೆಯಾದೀತೆಂಬ ಭಯ. ತಲುಪಿತೆಂದು ಅವಳು ತಿಳಿಸಿಲ್ಲ. ತಿಳಿಸುವವಳೂ ಅಲ್ಲ.

ಬೀಗ ಮರದೊಳಗೇ ಇರುವುದರಿಂದ, ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಇಲ್ಲವೇ ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಸಂಜೆ ಕೆಲಸದಿಂದ ಬಂದವಳು ಕೀಯನ್ನು ಚೀಲದಿಂದ ತೆಗೆಯುವ ಮೊದಲು ನನ್ನ ಬಾಗಿಲನ್ನು ನಾನೇ ಎರಡು ಸಲ ತಟ್ಟುತ್ತೇನೆ.